ಪ್ರಶ್ನೋತ್ತರ: ಓದಲು ಕಷ್ಟಪಡುವ ಮಗನನ್ನು ಸ್ಪೆಷಲ್ ಶಾಲೆಗೆ ಸೇರಿಸಬೇಕಾ?

ಪ್ರಶ್ನೆ (ಒಬ್ಬ ತಾಯಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ):
ನಮಸ್ಕಾರ ಟೀಚರ್. ಮಗ ನಾಲ್ಕನೇ ಕ್ಲಾಸು, ಕನ್ನಡ ಮೀಡಿಯಂ ಸರಕಾರಿ ಶಾಲೆ. ಮನೆಯಲ್ಲಿ ನಾವು ತುಳು ಮಾತಾಡುವುದು. ಅಂಗಡಿಗೆ ಕಳಿಸಿದರೆ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ, ಕೇಳಿದ ಕತೆಯನ್ನು ಪೂರಾ ಹೇಳ್ತಾನೆ. ಪುಸ್ತಕ ತೆಗೆದರೆ ಮಾತ್ರ ಒತ್ತಕ್ಷರ ಬಂದಲ್ಲಿ ನಿಂತುಬಿಡ್ತಾನೆ. ಬೋರ್ಡು ನೋಡಿ ಬರೆಯುವಾಗ ಅರ್ಧ ಬಿಟ್ಟಿರ್ತಾನೆ. ಒಂದು ಕ್ಯಾಂಪಿಗೆ ಕರೆದುಕೊಂಡು ಹೋದೆವು. ಅಲ್ಲಿ ಎಲ್ಲ ಮಲಯಾಳದಲ್ಲೇ ಕೇಳಿದರು, ಇವನು ಬಾಯಿ ಬಿಡಲಿಲ್ಲ. ಬುದ್ಧಿ ಬೆಳವಣಿಗೆ ಕಮ್ಮಿ, ಸ್ಪೆಷಲ್ ಶಾಲೆಗೆ ಸೇರಿಸಿ ಅಂದರು. ಎಂತ ಮಾಡುವುದು?

ಉತ್ತರ (ಸ್ಪೆಷಲ್ ಎಜುಕೇಟರ್, ಅಂದರೆ ವಿಶೇಷ ಸಹಾಯ ಬೇಕಾದ ಮಕ್ಕಳಿಗೆ ಕಲಿಸುವ ಟೀಚರ್):
ಅಕ್ಕ, ಯಾರು ಹೇಳಿದರೂ ಈಗ ಟಿ.ಸಿ. ತೆಗೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಹತ್ತಿರದ ಶಾಲೆಯಲ್ಲೇ ಓದುವ ಹಕ್ಕು ಇಂಥ ಮಕ್ಕಳಿಗೆ ಉಂಟು. ಸ್ಪೆಷಲ್ ಶಾಲೆ ಬೇಕಾ ಬೇಡವಾ ಎಂಬುದು ನಿಮ್ಮ ಮನೆಯವರ ಆಯ್ಕೆ. ಶಾಲೆ ಅದನ್ನು ನಿಮ್ಮ ಮೇಲೆ ಹೇರುವಂತಿಲ್ಲ.

ಆ ಕ್ಯಾಂಪಿನ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಇವನಿಗೆ ಬಸ್ಸಿನಲ್ಲಿ, ಪೇಟೆಯಲ್ಲಿ ಕಿವಿಗೆ ಬೀಳುವ ಭಾಷೆ. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಮಾತಿನ ಭಾಗ ಬೇರೆ, ಚಿತ್ರ ಜೋಡಿಸುವ, ತುಂಡು ಕೂಡಿಸುವ ಭಾಗ ಬೇರೆ. ಗೊತ್ತಿಲ್ಲದ ಭಾಷೆಯಲ್ಲಿ ಮಾತಿನ ಭಾಗ ಮಾಡಿದರೆ ಎಂಥ ಜಾಣ ಮಗುವಿಗೂ ಅಂಕ ಇಳಿಯುತ್ತದೆ. ಚಿಲ್ಲರೆ ಲೆಕ್ಕ ಸರಿ ಇದೆ, ಕೇಳಿದ ಕತೆ ನೆನಪಿರುತ್ತದೆ, ಓದು ಬರಹದಲ್ಲಿ ಮಾತ್ರ ಸಿಕ್ಕಿಬೀಳುತ್ತಾನೆ ಎಂದರೆ ನಾನು ಮೊದಲು ಯೋಚಿಸುವುದು ಕಲಿಕಾ ತೊಡಕನ್ನು. ಡಿಸ್ಲೆಕ್ಸಿಯಾ ಅಂತ ಕೇಳಿರಬಹುದು. ಅದು ಬುದ್ಧಿ ಕಮ್ಮಿ ಇರುವುದಲ್ಲ. ಇಲ್ಲಿಂದ ನೋಡದೆ ಹೌದು ಅಂತ ನಾನೂ ಹೇಳಲಾರೆ.

ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗುವೂ ಅರ್ಧ ಬರೆದು ಬಿಡುತ್ತದೆ. ಆಮೇಲೆ ಹೆಚ್.ಎಂ. (ಮುಖ್ಯೋಪಾಧ್ಯಾಯರು) ಮೂಲಕ ಬಿ.ಆರ್.ಸಿ.ಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ತಿಳಿಸಿ, ನಿಮ್ಮದು ಕುಂಬಳೆ ಉಪಜಿಲ್ಲೆ ಇರಬೇಕು. ಸಮಗ್ರ ಶಿಕ್ಷಾ ಕೇರಳ ಎಂಬ ಸರಕಾರಿ ಯೋಜನೆಯ ಸ್ಪೆಷಲ್ ಎಜುಕೇಟರ್‌ಗಳು ಅಲ್ಲಿಂದಲೇ ಶಾಲೆಗಳಿಗೆ ಬರುವುದು. ಬುದ್ಧಿಮಟ್ಟದ, ಕಲಿಕೆಯ ಪರೀಕ್ಷೆ ಕನ್ನಡದಲ್ಲೇ ಆಗಬೇಕು, ತುಳುವಿನಲ್ಲಿ ವಿವರಿಸುವವರು ಜೊತೆಗಿರಬೇಕು ಅಂತ ಧೈರ್ಯವಾಗಿ ಕೇಳಿ. ಕನ್ನಡದಲ್ಲಿ ಪರೀಕ್ಷೆಯೇ ಇಲ್ಲ ಅಂದರೆ ನಂಬಬೇಡಿ. ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ತಯಾರಾಗಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಕನ್ನಡದಲ್ಲೇ ನೋಡುತ್ತವೆ. ಅಷ್ಟು ದೂರ ಆಗದಿದ್ದರೆ ಮಂಗಳೂರಿನಲ್ಲಿ ಕನ್ನಡ, ತುಳು ಎರಡೂ ಬರುವ ಮನಶ್ಶಾಸ್ತ್ರಜ್ಞರು ಸಿಗುತ್ತಾರೆ. ಹೋಗುವಾಗ ಮಗನ ಹಳೆ ನೋಟುಪುಸ್ತಕ, ಉತ್ತರಪತ್ರಿಕೆ ತೆಗೆದುಕೊಂಡು ಹೋಗಿ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂಬ ಒಂದು ಸಾಲನ್ನು ವರದಿಯಲ್ಲಿ ಬರೆಸಿಕೊಳ್ಳಿ. ಮುಂದೆ ಯಾರಾದರೂ ತಕರಾರು ತೆಗೆದರೆ ಆ ಸಾಲು ನಿಮ್ಮ ಕೈ ಹಿಡಿಯುತ್ತದೆ.

ಪ್ರಶ್ನೆ (ಇನ್ನೊಬ್ಬ ತಾಯಿ):
ನನ್ನ ಮಗಳು ಎರಡನೇ ಕ್ಲಾಸು. ಅವಳಿಗೂ ಒತ್ತಕ್ಷರ ಬರುವುದಿಲ್ಲ. ಹೆದರಬೇಕಾ?

ಉತ್ತರ:
ಈಗಲೇ ಬೇಡ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದಲ್ಲಿ ಗುರುತಿಸಬೇಕಾದ ರೂಪಗಳು ನೂರಾರು. ತೊಡಕಿಲ್ಲದ ಮಕ್ಕಳಿಗೂ ಅವು ಪೂರಾ ಕೈಗೆ ಬರುವಾಗ ಮೂರು ನಾಲ್ಕನೇ ಕ್ಲಾಸು ಆಗುತ್ತದೆ. ಕಲಿಕಾ ತೊಡಕಿನ ಸರ್ಟಿಫಿಕೇಟನ್ನು ಎಂಟು ವರ್ಷದ ಮೊದಲು ಕೊಡದೆ ಇರುವುದೂ ಇದಕ್ಕೇ. ಆದರೆ ಸಹಾಯ ಮಾಡಲು ಎಂಟು ವರ್ಷ ತುಂಬುವವರೆಗೆ ಕಾಯಬೇಡಿ. ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಜೊತೆಗೇ ಓದಿ. ಒಂದು ವಾರಕ್ಕೆ ಒಂದೇ ಒತ್ತಕ್ಷರ ಸಾಕು.

ಪ್ರಶ್ನೆ (ಒಬ್ಬ ತಂದೆ, ಮಂಜೇಶ್ವರ):
ಸರ್ಟಿಫಿಕೇಟ್ ಮಾಡಿಸಿದರೆ ಅದು ಜೀವನ ಪೂರ್ತಿ ಕಪ್ಪು ಚುಕ್ಕೆಯಾಗಿ ಉಳಿಯುವುದಿಲ್ಲವಾ?

ಉತ್ತರ:
ಇಲ್ಲ ಅಣ್ಣ. 2016ರ ಅಂಗವಿಕಲರ ಕಾಯ್ದೆ ಹೆಸರಿಸಿದ 21 ವೈಕಲ್ಯಗಳಲ್ಲಿ ಕಲಿಕಾ ತೊಡಕೂ ಒಂದು. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕ ಕೇಳಬಹುದು. ನಮ್ಮ ಊರಿನ ಮಕ್ಕಳಿಗೆ ಇನ್ನೂ ಮುಖ್ಯವಾದದ್ದು ಒಂದುಂಟು. ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡುವ ಮಾತು ಅದೇ ಕಾಯ್ದೆಯ 17ನೇ ಸೆಕ್ಷನಿನಲ್ಲಿದೆ. ಕನ್ನಡ, ಮಲಯಾಳ, ಇಂಗ್ಲಿಷ್, ಹಿಂದಿ ಅಂತ ನಾಲ್ಕು ಲಿಪಿ ಎದುರಿಟ್ಟುಕೊಂಡು ಕೂರುವ ಮಗುವಿಗೆ ಒಂದು ಲಿಪಿ ಕಮ್ಮಿಯಾದರೂ ಎಷ್ಟು ಹಗುರ, ಯೋಚಿಸಿ. ಶಾಲೆಗಳಲ್ಲಿ ಇದನ್ನು ತಾವಾಗಿ ಹೇಳುವವರು ಕಮ್ಮಿ, ನಾವೇ ಕೇಳಬೇಕು.

ಪ್ರಶ್ನೆ (ಒಬ್ಬ ಅಧ್ಯಾಪಕರು):
ಸ್ಪೆಷಲ್ ಎಜುಕೇಟರ್ ಬರುವುದು ಅಪರೂಪಕ್ಕೆ. ಉಳಿದ ದಿನ ಕ್ಲಾಸಿನಲ್ಲಿ ನಾನೊಬ್ಬನೇ. ಏನು ಮಾಡಬಹುದು?

ಉತ್ತರ:
ಮಾಸ್ಟ್ರೇ, ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದನ್ನು ಇವತ್ತೇ ನಿಲ್ಲಿಸಿ. ಅದೊಂದರಿಂದಲೇ ಹೊಟ್ಟೆನೋವು ಅಂತ ಶಾಲೆ ತಪ್ಪಿಸುವುದು ಕಮ್ಮಿಯಾಗುತ್ತದೆ. ಮುಂದಿನ ಬೆಂಚಿನಲ್ಲಿ, ಚೆನ್ನಾಗಿ ಓದುವ ಗೆಳೆಯನ ಪಕ್ಕ ಕೂರಿಸಿ. ವಿಜ್ಞಾನ, ಸಮಾಜದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಿ, ಗೊತ್ತಿದೆಯಾ ಇಲ್ಲವಾ ಎಂಬುದೇ ಅಲ್ಲವೇ ನಮಗೆ ಬೇಕಾದದ್ದು? ಬರೆದದ್ದರಲ್ಲಿ ಕೆಂಪು ಶಾಯಿ ಕಮ್ಮಿ ಇರಲಿ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದಿ.

ಪ್ರಶ್ನೆ (ಎಣ್ಮಕಜೆ ಪಂಚಾಯತಿನಿಂದ):
ಅಕ್ಕನ ಮಗಳಿಗೆ 11 ವರ್ಷ, ಸೆರಿಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ). ಕೂರಲು ಆಗುವುದಿಲ್ಲ, ಮಾತಿಲ್ಲ. ಅವಳಿಗೂ ಶಾಲೆ ಉಂಟಾ?

ಉತ್ತರ:
ಖಂಡಿತ ಉಂಟು. ಮಾತು ಬಾರದಿದ್ದರೆ ಅರ್ಥವಾಗುವುದಿಲ್ಲ ಅಂತ ಯಾರೂ ತೀರ್ಮಾನಿಸಬಾರದು. ಸೆರಿಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳು ಎಲ್ಲವನ್ನೂ ತಿಳಿದುಕೊಳ್ಳುತ್ತಾರೆ, ಹೇಳುವ ದಾರಿ ಇರುವುದಿಲ್ಲ ಅಷ್ಟೆ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳಲ್ಲಿ ಬಡ್ಸ್ ಎಂಬ ಸ್ಪೆಷಲ್ ಶಾಲೆಗಳಿವೆ, ಹೋಗಿ ನೋಡಿ. ಹೋಗಲು ಸಾಧ್ಯವೇ ಇಲ್ಲದಿದ್ದರೆ ಹತ್ತಿರದ ಶಾಲೆಯಲ್ಲಿ ಹೆಸರು ಸೇರಿಸಿ, ಮನೆಗೆ ಬಂದು ಕಲಿಸಲು ಬಿ.ಆರ್.ಸಿ.ಯಲ್ಲಿ ಕೇಳಿ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ತೀವ್ರ ತೊಂದರೆ ಇರುವ ಮಕ್ಕಳಿಗೆ ಈ ಅವಕಾಶ ಕೊಟ್ಟಿದೆ. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಯನ್ನೂ ಮಾಡಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಯ ಖರ್ಚಿಗೆ ಆಗುತ್ತದೆ.

ಪ್ರಶ್ನೆ (ಮೊದಲು ಕೇಳಿದ ತಾಯಿ):
ಟೀಚರ್, ಹೆಚ್.ಎಂ. ಹತ್ತಿರ ಬಾಯಲ್ಲಿ ಹೇಳಿದರೆ ಸಾಕಾ? ಮಲಯಾಳದಲ್ಲಿ ಬರೆಯಲು ನನಗೆ ಬರುವುದಿಲ್ಲ.

ಉತ್ತರ:
ಬರೆದೇ ಕೊಡಿ ಅಕ್ಕ, ಕನ್ನಡದಲ್ಲೇ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಮಗನ ತೊಂದರೆ ಏನು, ಯಾವ ಸಹಾಯ ಬೇಕು, ಪರೀಕ್ಷೆ ಯಾವ ಭಾಷೆಯಲ್ಲಿ ಆಗಬೇಕು, ಈ ಮೂರು ವಿಷಯ ಬರೆದರೆ ಸಾಕು. ಒಂದು ಪ್ರತಿಗೆ ಸೀಲು, ತಾರೀಕು ಹಾಕಿಸಿ ಮನೆಯಲ್ಲಿಡಿ. ಶಾಲೆಯಿಂದ ಉತ್ತರ ಬಾರದಿದ್ದರೆ ಅದೇ ಪ್ರತಿ ಹಿಡಿದು ಜಿಲ್ಲಾ ಶಿಕ್ಷಣ ಕಚೇರಿಗೆ ಹೋಗಿ. ಇಂಥ ಮಕ್ಕಳ ವಿಷಯ ನೋಡಿಕೊಳ್ಳಲು ಅಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಅಂಗವಿಕಲರ ಹಕ್ಕುಗಳ 2017ರ ನಿಯಮ ಹೇಳುತ್ತದೆ. ಅರ್ಜಿ ಬರೆದು ಮೊದಲು ನನಗೆ ಫೋಟೋ ತೆಗೆದು ಕಳಿಸಿ, ನೋಡಿ ಹೇಳ್ತೇನೆ.