ಬಗ್ಗಿದ ಸ್ಪ್ಯಾನರ್ ಮತ್ತು ನಮ್ಮ ಮನೆ ಗ್ರೂಪು

ಫಸ್ಟ್ ಪಿಯು ಓದೋ ಪುಟ್ಟ ಬೆಳಿಗ್ಗೆ ಎದ್ದವನೇ ಗ್ರೂಪಿಗೆ ಒಂದು ಫಾರ್ವರ್ಡ್ ಚಿತ್ರ ಹಾಕಿದ. ಹಳದಿ ಅಕ್ಷರದಲ್ಲಿ: "ವಸ್ತು ತಿರುಗಿದರೆ ಟಾರ್ಕ್, ತಿರುಗದಿದ್ದರೆ ಮೊಮೆಂಟ್." ಅವರಪ್ಪ, ಅಂದ್ರೆ ನಮ್ಮ ಚಿಕ್ಕಪ್ಪ, ಸಿವಿಲ್ ಇಂಜಿನಿಯರ್. ಮಾವನದು ಗ್ಯಾರೇಜು. ಅಕ್ಕ ಫಿಸಿಕ್ಸ್ ಲೆಕ್ಚರರ್. ಇನ್ನೇನು ಬೇಕು?

ಚಿಕ್ಕಪ್ಪ: ಸರಿಯಾಗೇ ಇದೆ ಕಣೋ. ಸಜ್ಜಕ್ಕೆ ಕಂಬಿ ಮೇಲುಗಡೆ ಕಟ್ಟೋದು ಮೊಮೆಂಟ್ ನೋಡ್ಕೊಂಡು. ಸಜ್ಜ ತಿರುಗಿದ ದಿನ ನಾನು ಜೈಲಲ್ಲಿರ್ತೀನಿ.

ಮಾವ: ಭಾವ, ತುಕ್ಕು ಹಿಡಿದ ವೀಲ್ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದರ ಮೇಲೆ ನಿಂತು ತುಳಿದ್ರೂ ಜಗ್ಗಲ್ಲ. ಟಾರ್ಕ್ ಕೊಟ್ಟೇ ಇಲ್ಲ ಅಂತೀರಾ?

ಚಿಕ್ಕಪ್ಪ: ಅಲ್ಲಿ ಉದ್ದೇಶ ತಿರುಗಿಸೋದು. ಅದು ಬೇರೆ.

ಮಾವ: ನಮ್ಮ ಉದ್ದೇಶ ನಟ್ಟಿಗೆ ಹೆಂಗೆ ಗೊತ್ತಾಗ್ಬೇಕು ಭಾವ

ಅಕ್ಕ: ಪುಟ್ಟ, ನಿನ್ನ ಪುಸ್ತಕ ತೆಗಿ. 'ಬಲದ ಮೊಮೆಂಟ್' ಅಂತ ಹೆಡಿಂಗ್ ಕೊಟ್ಟು ಪಕ್ಕದಲ್ಲೇ ಟಾರ್ಕ್ ಅಂತಾನೂ ಹಾಕಿದಾರೆ. ಫಿಸಿಕ್ಸಿಗೆ ಎರಡೂ ಒಂದೇ, ಬಲ ಇಂಟು ತಿರುಗೋ ಬಿಂದುವಿನಿಂದ ಅದಕ್ಕಿರೋ ಲಂಬ ದೂರ. ಎದುರಿಗೆ ಅಷ್ಟೇ ಟಾರ್ಕ್ ತಡೀತಿದ್ರೆ ತಿರುಗಲ್ಲ, ಅಷ್ಟೇ. 'ಟಾರ್ಕ್' ಅನ್ನೋ ಹೆಸರೇ 1884ರದು, ವಿಜ್ಞಾನಿ ಕೆಲ್ವಿನ್ ಅವರ ಅಣ್ಣ ಜೇಮ್ಸ್ ಥಾಮ್ಸನ್ ಸೂಚಿಸಿದ್ದು.

ಚಿಕ್ಕಪ್ಪ: ಒಂದೇ ಆಗಿದ್ರೆ ನಾವು ಬಗ್ಗಿಸೋ ಬೆಂಡಿಂಗ್ ಮೊಮೆಂಟ್ ಬೇರೆ, ತಿರುಚೋ ಟಾರ್ಷನ್ ಬೇರೆ ಲೆಕ್ಕ ಮಾಡೋದು ಯಾಕಮ್ಮ?

ಅಕ್ಕ: ಆ ಮಾತು ಸರಿ ಚಿಕ್ಕಪ್ಪ. ಮಾವನ ಸ್ಪ್ಯಾನರನ್ನೇ ತಗೊಳ್ಳಿ. ಹಿಡಿ 30 ಸೆಂಟಿಮೀಟರ್, ತುದೀಲಿ 200 ನ್ಯೂಟನ್, ಅಂದ್ರೆ ಸುಮಾರು 20 ಕೆಜಿ ತೂಕ. 60 ನ್ಯೂಟನ್ ಮೀಟರ್ ಆಯ್ತು. ಅದು ಬೋಲ್ಟನ್ನ ತಿರುಚುತ್ತೆ, ಅಲ್ಲಿ ಟಾರ್ಕ್ ಅಂತೀರಿ. ಅದೇ 60 ಹಿಡಿಯ ಬುಡದಲ್ಲಿ ಹಿಡೀನ ಬಗ್ಗಿಸುತ್ತೆ, ಅಲ್ಲಿ ಬೆಂಡಿಂಗ್ ಮೊಮೆಂಟ್ ಅಂತೀರಿ. ತುಳಿದ ಕಾಲು ಒಂದೇ! ನಿಮ್ಮ ಸಜ್ಜನೂ ಹಾಗೇ. ಅದರ ಬುಡದಲ್ಲಿ ಬಗ್ಗಿಸೋ ಮೊಮೆಂಟು ಅದನ್ನ ಹೊತ್ತ ಲಿಂಟಲಿಗೆ (ಕಿಟಕಿ ಮೇಲಿನ ತೊಲೆಗೆ) ಹೋದಾಗ ಟಾರ್ಷನ್. ಲಿಂಟಲ್ ತಿರುಗುತ್ತಾ?

'ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ' ಅಂತ ಹತ್ತು ನಿಮಿಷ ತೋರಿಸ್ತು.

ಚಿಕ್ಕಪ್ಪ: ಅದಕ್ಕೇ ಅಲ್ಲಿ ಕಂಬಿಗೆ ಸುತ್ತೋ ರಿಂಗು ಹತ್ತತ್ರ ಹಾಕೋದು.

(ಚಿಕ್ಕಪ್ಪನ ಭಾಷೇಲಿ ಇದು ಸೋಲು ಒಪ್ಪಿಕೊಂಡ ಹಾಗೆ.)

ಪುಟ್ಟ: ಅಕ್ಕ, ನ್ಯೂಟನ್ ಮೀಟರ್ ಅಂದ್ರೆ ಜೌಲ್ ಅಲ್ವಾ?

ಅಕ್ಕ: ಟಾರ್ಕಿಗೆ ಜೌಲ್ ಅಂತ ಬರೆದ್ರೆ ಮಾರ್ಕ್ಸ್ ಕಟ್. ಟಾರ್ಕನ್ನ ತಿರುಗಿದ ಕೋನದಿಂದ ಗುಣಿಸಿದ್ರೆ ಮಾತ್ರ ಜೌಲ್. ನಟ್ ಜಗ್ಗದಿದ್ರೆ ಅದರ ಮೇಲೆ ಆದ ಕೆಲಸ ಸೊನ್ನೆ.

ಮಾವ: ಸೊನ್ನೆನಾ?! ಅರ್ಧ ಗಂಟೆ ಬೆವರು ಸುರಿಸಿದೀನಿ ಮೊನ್ನೆ. ಕೊನೆಗೆ ಹಿಡಿಗೆ ಪೈಪ್ ತೂರಿಸಿ 60 ಸೆಂಟಿಮೀಟರ್ ಮಾಡಿ ತುಳಿದೆ.

ಅಕ್ಕ: ಹಾಗಾದ್ರೆ 120. ಬೋಲ್ಟಿಗೂ 120, ಹಿಡಿಯ ಬುಡಕ್ಕೂ 120.

ಮಾವ: ಬೋಲ್ಟ್ ತಡ್ಕೊಳ್ತು. ಇದನ್ನ ನೋಡು.

[ಫೋಟೊ: ಬಾಳೆಹಣ್ಣಿನ ಥರ ಬಗ್ಗಿದ ವೀಲ್ ಸ್ಪ್ಯಾನರ್]

ಅಕ್ಕ: ಪುಟ್ಟ, ಆ ಹಳದಿ ಚಿತ್ರ ಡಿಲೀಟ್ ಮಾಡಿ ಇದನ್ನ ಇಟ್ಕೊ.

ಚಿಕ್ಕಪ್ಪ: ಹಿಡಿಗೆ ಕೆಂಪು ಟೇಪ್ ಸುತ್ತಿದೆಯಲ್ಲ. ಯುಗಾದಿಗೆ ಬಂದಾಗ ದಾರೀಲಿ ಬೇಕಾಗುತ್ತೆ ಅಂತ ನನ್ನ ಕಾರಿಂದ ತಗೊಂಡು ಹೋದ್ರಲ್ಲ, ಅದೇ ಅಲ್ವಾ ಇದು?

ಮಾವ: ಈ ಸಂದೇಶವನ್ನು ಅಳಿಸಲಾಗಿದೆ