‘ಸೋ’ ಅಂದರೆ ಬಿತ್ತೋದಾ, ನೆಡೋದಾ?

ತಿಪಟೂರಿನವಳು:
ತರಕಾರಿ ಬೀಜದ ಪೊಟ್ಟಣದ ಮೇಲಿರುವ ಇಂಗ್ಲಿಷ್ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಸಿಕ್ಕಿದೆ. ಒಂದರಲ್ಲಿ ‘ಸೋ’ (sow) ಅಂತಿದೆ, ಇನ್ನೊಂದರಲ್ಲಿ ‘ಪ್ಲಾಂಟ್’. ಎರಡಕ್ಕೂ ‘ನೆಡಿ’ ಅಂತ ಹಾಕಿ ಮುಗಿಸಿ ಅಂತಾರೆ ಜೊತೆಯವರು. ನಮ್ಮಪ್ಪ ರಾಗಿ ಬಿತ್ತುತ್ತಾರೆ, ತೆಂಗಿನ ಸಸಿ ನೆಡುತ್ತಾರೆ. ರಾಗಿ ನೆಟ್ಟೆ ಅಂದರೆ ಊರೆಲ್ಲ ನಗುತ್ತೆ. ಇಂಗ್ಲಿಷಿನವರಿಗೆ ಈ ವ್ಯತ್ಯಾಸ ಇಲ್ವಾ? ಹಾಗೇ, ಹೆಣ್ಣು ಹಂದಿಗೂ ಇದೇ ಸ್ಪೆಲ್ಲಿಂಗ್ ಯಾಕೆ?

ನಿವೃತ್ತ ಮೇಷ್ಟ್ರು, ಹಾಸನ:
ಹಂದಿ ವಿಷಯ ಮೊದಲು ಮುಗಿಸೋಣ ತಾಯಿ. ಅದು ‘ಸೌ’, ಹಳೆ ಇಂಗ್ಲಿಷಿನಲ್ಲಿ ‘ಸುಗು’. ಬಿತ್ತುವುದು ‘ಸೋ’, ಹಳೆಯ ರೂಪ ‘ಸಾವನ್’. ಸ್ಪೆಲ್ಲಿಂಗ್ ಒಂದಾಗಿದೆ, ಅಷ್ಟೇ. ಬಟ್ಟೆ ಹೊಲಿಯುವ ‘ಸೋ’ (sew) ಮೂರನೆಯದು, ಅದರ ಸ್ಪೆಲ್ಲಿಂಗೇ ಬೇರೆ. ಸಂಸ್ಕೃತದ ‘ಸೀವ್ಯತಿ’ಗೆ ಅದು ನೆಂಟ. ಮಕ್ಕಳು ಡಿಕ್ಟೇಶನ್‌ನಲ್ಲಿ ಹೊಲಿಯೋದನ್ನೂ ಬಿತ್ತೋದನ್ನೂ ಅದಲುಬದಲು ಮಾಡಿದರೆ ನಾನು ಜಾಸ್ತಿ ಬೈಯುತ್ತಿರಲಿಲ್ಲ.

ಬಿತ್ತುವ ‘ಸೋ’ ದೊಡ್ಡ ಮನೆತನದ್ದು. ‘ಸೀಡ್’ ಅದೇ ಬೇರಿನದು. ಲ್ಯಾಟಿನ್ನಿನಲ್ಲಿ ಬೀಜಕ್ಕೆ ‘ಸೆಮೆನ್’, ಸಸಿಮಡಿಗೆ ‘ಸೆಮಿನಾರಿಯಂ’. ಕಾಲೇಜುಗಳ ‘ಸೆಮಿನಾರ್’ ಅಲ್ಲಿಂದ ಬಂದದ್ದು, ಮೊಳಕೆ ಒಡೆಯುವುದು ಅಪರೂಪ ಬಿಡಿ. ‘ಸೀಸನ್’ ಕೂಡ ಲ್ಯಾಟಿನ್ನಿನ ‘ಸಾಟಿಯೋ’, ಅಂದರೆ ಬಿತ್ತನೆ ಅನ್ನುವ ಪದದಿಂದ ಫ್ರೆಂಚ್ ಮೂಲಕ ಬಂತು.

‘ಪ್ಲಾಂಟ್’ ಹಾಗಲ್ಲ. ಲ್ಯಾಟಿನ್ನಿನ ‘ಪ್ಲಾಂಟಾ’ ಅಂದರೆ ಚಿಗುರು, ನೆಡುವ ಕಡ್ಡಿ. ಆದರೆ ಈಗ ಅದರ ಬಳಕೆ ಹಿಗ್ಗಿದೆ. ಅಮೆರಿಕದಲ್ಲಿ ಜೋಳದ ಬೀಜ ಹಾಕುವುದೂ ‘ಪ್ಲಾಂಟ್’, ಹಾಕುವ ಯಂತ್ರವೂ ‘ಪ್ಲಾಂಟರ್’. ಆಲೂಗಡ್ಡೆಗೂ ಸಾಮಾನ್ಯವಾಗಿ ‘ಪ್ಲಾಂಟ್’ ಅಂತಾರೆ. ಹಾಗಾಗಿ ಇಂಗ್ಲಿಷ್ ಪದ ನೋಡಬೇಡ, ಮಣ್ಣಿಗೆ ಏನು ಹೋಗುತ್ತೆ ನೋಡು.

ಶಿರಾ ಹೊಲದಿಂದ:
ಮೇಷ್ಟ್ರೇ, ಬಿತ್ತೋದು ಒಂದೇ ಥರ ಇಲ್ಲವಲ್ಲ! ಕೈಯಲ್ಲಿ ಚೆಲ್ಲುತ್ತೀವಿ, ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುತ್ತೀವಿ. ರಾಗಿ ಸಾಲುಗಳ ನಡುವೆ ಅಕ್ಕಡಿಗೆ, ಅಂದರೆ ಮಿಶ್ರ ಬೆಳೆಯ ಸಾಲಿಗೆ, ಅವರೆ ಬೇಕಾದರೆ ಸಡ್ಡೆ ಅನ್ನೋ ಬಿತ್ತನೆ ಕೊಳವೆ ಕಟ್ಟಿ ಬಿಡುತ್ತೀವಿ. ಕುಂಬಳದ ಬೀಜ ಬಿತ್ತಲ್ಲ, ನೆಡಲ್ಲ, ಊರ್ತೀವಿ. ಪೊಟ್ಟಣದಲ್ಲಿ ‘ಊರಿ’ ಅನ್ನೋ ಪದ ಯಾವತ್ತೂ ನೋಡಿಲ್ಲ. ನೀವಾದರೂ ಹಾಕಮ್ಮ.

ನಿವೃತ್ತ ಮೇಷ್ಟ್ರು, ಹಾಸನ:
ಚೆನ್ನಾಗಿ ಹೇಳಿದ್ರಿ. ಗುಳಿ ತೋಡಿ ಒಂದೊಂದೇ ಬೀಜ ಊರೋದು ಇಂಗ್ಲಿಷಿನಲ್ಲಿ ‘ಡಿಬಲ್’. ಕೂರಿಗೆಯದು ‘ಡ್ರಿಲ್’. ಚೆಲ್ಲೋದು ‘ಬ್ರಾಡ್‌ಕಾಸ್ಟ್’! 18ನೇ ಶತಮಾನದಲ್ಲಿ ಅದು ಬೀಜ ಎರಚುವ ಮಾತು. 1920ರ ದಶಕದಲ್ಲಿ ರೇಡಿಯೋದವರು ಎತ್ತಿಕೊಂಡು ಹೋದರು.

ತಿಪಟೂರಿನವಳು:
ಹಾಗಾದರೆ ಟೊಮೆಟೊ? ಪೊಟ್ಟಣದಲ್ಲಿ ಮೊದಲು ‘ಸೋ’, ನಾಲ್ಕು ಸಾಲು ಕೆಳಗೆ ‘ಟ್ರಾನ್ಸ್‌ಪ್ಲಾಂಟ್’.

ಶಿರಾ ಹೊಲದಿಂದ:
ಮಡಿಯಲ್ಲಿ ಬೀಜ ಬಿತ್ತಿ, ಆಮೇಲೆ ಸಸಿ ಕಿತ್ತು ನಾಟಿ ಮಾಡಿ. ‘ಕಸಿ’ ಅಂತ ಮಾತ್ರ ಹಾಕಬೇಡಿ, ಅದು ಮಾವಿನ ಗಿಡದವರ ಕೆಲಸ.