ಬಾಲಂಗೋಚಿಯ ‘ಗೋಚಿ’ ಯಾವುದು?

ಮೊನ್ನೆ ಒಂದು ಲೇಖನದಲ್ಲಿ ‘ಬೇಡದ ಬಾಲಂಗೋಚಿ’ ಎಂಬ ಮಾತನ್ನು ಓದಿ ಮನಸ್ಸಿಗೆ ಚುಚ್ಚಿದಂತಾಯಿತು. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಇಂದಿನವರೆಗೆ, 50 ವರ್ಷ, ಒಂದು ಆಷಾಢವನ್ನೂ ಬಿಡದೆ ಗಾಳಿಪಟ ಹಾರಿಸಿದವನು ನಾನು. ಪಟದ ಬಾಲವಾದ ಬಾಲಂಗೋಚಿ ಬೇಡದ್ದಾಗಿದ್ದು ಯಾವಾಗ?

ತೆಂಗಿನ ಗರಿಯ ಕಡ್ಡಿಗೋ ಬಿದಿರಿನ ಸೀಳಿಗೋ ಹಳೆಯ ಪತ್ರಿಕೆಯನ್ನು ಅನ್ನದ ಅಗುಳಿನಿಂದ ಅಂಟಿಸಿದರೆ ಪಟವಾಯಿತು. ಆದರೆ ಅದು ಹಾಗೆಯೇ ಹಾರುವುದಿಲ್ಲ. ಚಪ್ಪಟೆ ಪಟಕ್ಕೆ ಗಾಳಿ ಬಡಿದೊಡನೆ ಅಕ್ಕಪಕ್ಕ ಹೊಯ್ದಾಡಿ, ಗಿರಕಿ ಹೊಡೆದು ನೆಲ ಕಚ್ಚುತ್ತದೆ. ಕೆಳತುದಿಗೆ ಬಟ್ಟೆಯ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿ ನೋಡಿ. ಗಾಳಿ ಆ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವೇ ಪಟದ ತಲೆಯನ್ನು ಮೇಲಕ್ಕೆ ನಿಲ್ಲಿಸುತ್ತದೆ. 2 ಅಡಿಯ ಪಟಕ್ಕೆ ನಾನು 10ರಿಂದ 12 ಅಡಿ ಕಟ್ಟುತ್ತೇನೆ. ಗಾಳಿ ಜೋರಾದ ದಿನ ಇನ್ನೊಂದು ಗೇಣು ಸೇರಿಸುತ್ತೇನೆ, ಮಂದವಾದರೆ ಹರಿದು ತೆಗೆಯುತ್ತೇನೆ. ಹೆಚ್ಚಾದರೆ ಪಟ ಏಳುವುದೇ ಇಲ್ಲ. ಅಳತೆ ಕೈಗೆ ಬರಬೇಕಾದರೆ ಕೆಲವು ಆಷಾಢಗಳಾದರೂ ಕಳೆಯಬೇಕು.

ಈಗ ಅರ್ಥಕ್ಕೆ ಬರುತ್ತೇನೆ. ಪತ್ರಿಕೆಗಳಲ್ಲಿ ನಾಯಕನ ಹಿಂದೆ ತಿರುಗುವವರು ಬಾಲಂಗೋಚಿಗಳು, ಹೆಸರಿಗೆ ಅಂಟಿಸಿಕೊಂಡ ಬಿರುದು ಬಾಲಂಗೋಚಿ, ಕ್ರಿಕೆಟ್ಟಿನಲ್ಲಿ ಕೊನೆಗೆ ಬರುವ ಬ್ಯಾಟರ್‌ಗಳೂ ಬಾಲಂಗೋಚಿಗಳು. ಮೊದಲ ಎರಡರಲ್ಲಿ ತಾತ್ಸಾರವಿದೆ. ಮೂರನೆಯದೇ ನನಗೆ ಪದದ ನಿಜಕ್ಕೆ ಹತ್ತಿರವೆನಿಸುತ್ತದೆ: ಮೇಲಿನವರು ಔಟಾದ ಮೇಲೆ ಇನ್ನಿಂಗ್ಸ್ ಬೀಳದಂತೆ ಎಷ್ಟೋ ಬಾರಿ ಹಿಡಿದು ನಿಲ್ಲಿಸುವವರು ಅವರೇ. ತಾತ್ಸಾರ ಬೆಳೆದದ್ದಕ್ಕೆ ನನ್ನ ಊಹೆ ಹೀಗಿದೆ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಗುಜರಾತಿನ ಉತ್ತರಾಯಣ ಹಬ್ಬದಲ್ಲಿ ಹಾರಿಸುವ ಮಾದರಿಯ ಪುಟ್ಟ ಪಟ. ಅದರ ಅಡ್ಡಕಡ್ಡಿ ಗಾಳಿಗೆ ಬಿಲ್ಲಿನಂತೆ ಬಾಗಿ ತಾನೇ ಸಮತೋಲ ಕಾಯುವುದರಿಂದ ಬಾಲ ಬೇಕಿಲ್ಲ. ಬಾಲವನ್ನು ಕಟ್ಟಿಯೇ ನೋಡದವರಿಗೆ ಬಾಲಂಗೋಚಿ ಹಿಂದೆ ಜೋತಾಡುವ ವಸ್ತುವಾಗಿ ಮಾತ್ರ ಕಾಣುತ್ತದೆ.

ಇನ್ನು ‘ಗೋಚಿ’. ತೆಲುಗಿನಲ್ಲಿ ಗೋಚಿ ಎಂದರೆ ಕೌಪೀನ, ಕಚ್ಚೆ. ನಮ್ಮ ಬಾಲಂಗೋಚಿಯೂ ಬಟ್ಟೆಯದೇ. ಅಜ್ಜನ ಹಳೆಯ ಪಂಚೆಯ ಅಂಚನ್ನು ಹರಿದೇ ಅದನ್ನು ಮಾಡುತ್ತಿದ್ದೆವು. ಹಿಂದೆ ಇಳಿಬಿಟ್ಟ ಅರಿವೆಯ ತುಂಡು ಎಂಬ ಅರ್ಥದಲ್ಲಿ ಎರಡೂ ಒಂದೇ ಮೂಲದ್ದಿರಬಹುದೇ? ನಡುವಿನ ಸೊನ್ನೆಯೂ ಗಮನಿಸಬೇಕಾದದ್ದು. ಹಳಗನ್ನಡದ ‘ಮನಂಗೊಳ್’ ಎಂಬಲ್ಲಿ ‘ಕೊಳ್’ ಎಂಬುದು ಸೊನ್ನೆಯ ಮುಂದೆ ‘ಗೊಳ್’ ಆದಂತೆ, ಇಲ್ಲಿಯೂ ಮೂಲದಲ್ಲಿ ‘ಕೋಚಿ’ ಇದ್ದಿದ್ದರೆ ಕಚ್ಚೆಯ ಊಹೆ ಬಿದ್ದುಹೋಗಬಹುದು. ವ್ಯಾಕರಣ ಬಲ್ಲವರು ದಯವಿಟ್ಟು ತಿದ್ದಬೇಕು.

‘ಸೂತ್ರ’ದ ಬಗ್ಗೆಯೂ ಒಂದು ಮಾತು. ಹಾರಿಸುವವರಿಗೆ ಸೂತ್ರವೆಂದರೆ ಕೈಯಲ್ಲಿರುವ ದಾರವಲ್ಲ, ಪಟದ ನಡುಗಡ್ಡಿಗೆ ಮೇಲೆ ಕೆಳಗೆ ಎರಡು ಕಡೆ ಕಟ್ಟುವ ಗಂಟಿನ ದಾರ. ‘ಸೂತ್ರ ಹರಿದ ಗಾಳಿಪಟ’ ಎನ್ನುವಾಗ ಜನ ಕೈಯ ದಾರವನ್ನೇ ನೆನೆಯುತ್ತಾರೆ. ಗೊಂಬೆಯಾಟದ ಸೂತ್ರವನ್ನು ನೆನೆದರೆ ಅದೂ ಸರಿಯೇ.

ದೊಡ್ಡಬಳ್ಳಾಪುರ, ತುಮಕೂರಿನ ಸುತ್ತ ನಾನು ಕೇಳಿರುವುದು ಬಾಲಂಗೋಚಿ, ಇಲ್ಲವೇ ಬರೀ ಬಾಲ. ಬೆಳಗಾವಿಯ ಕಡೆ ಗಾಳಿಪಟಕ್ಕೇ ‘ಪತಂಗ’ ಎನ್ನುವುದುಂಟು. ದಕ್ಷಿಣದವರಿಗೆ ಅದು ದೀಪಕ್ಕೆ ಮುತ್ತುವ ಹುಳು. ಅಲ್ಲಿ ಪತಂಗದ ಬಾಲಕ್ಕೆ ಏನೆನ್ನುತ್ತಾರೆ? ಕರಾವಳಿಯಲ್ಲಿ, ಮಲೆನಾಡಿನಲ್ಲಿ? ಮನೆಯ ಹಿರಿಯರನ್ನು ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದು ತಿಳಿಸಿ.